ಬೋಸ್ಲರ್ ಬರೆಯದೆ ಬಿಟ್ಟ ಸಾಲು

ಜರ್ಮನಿಯ ಈ ಮೂಲೆಯಲ್ಲಿ, ನಮ್ಮ ಶ್ವಾಬಿಯಾದಲ್ಲಿ, ಯಾರನ್ನೂ ಎದುರಿಗೆ ಹೊಗಳುವ ರೂಢಿಯಿಲ್ಲ. ಬೈಯದೇ ಇದ್ದರೆ ಅದೇ ಹೊಗಳಿಕೆ. ಹೆಂಡತಿ ಅರ್ಧ ದಿನ ಒಲೆಯ ಮುಂದೆ ನಿಂತು ಮಾಡಿದ್ದನ್ನು ಗಂಡ ತಟ್ಟೆ ನೆಕ್ಕಿ ಮುಗಿಸಿ, “ತಿನ್ನಬಹುದು” ಅನ್ನುತ್ತಾನೆ. ಅವಳು ಅಷ್ಟಕ್ಕೇ ಒಂದು ವಾರ ಉಬ್ಬಿಕೊಂಡು ಓಡಾಡುತ್ತಾಳೆ. ಅದಕ್ಕಿಂತ ಮೇಲಿನ ಮಾತೊಂದಿದೆ, “ಹೇಳೋದಕ್ಕೇನೂ ಇಲ್ಲ” ಅಂತ. ಅದನ್ನು ಜನ್ಮದಲ್ಲಿ ಒಂದು ಸಲ ಕೇಳಿಸಿಕೊಂಡವರು ಪುಣ್ಯವಂತರು.

ಇಂಥ ನಾಡಿನಲ್ಲಿ ಹುಟ್ಟಿದ ನನ್ನ ನೆರೆಮನೆಯ ಗುಡ್ರುನ್ ಹೇಫೆಲೆಗೆ ಹದಿನೆಂಟು ವರ್ಷದಿಂದ ಒಂದೇ ಆಸೆ. ಎರಡು ವರ್ಷಕ್ಕೊಮ್ಮೆ ಸಿಗುವ ಕಾರಿನ ತಪಾಸಣೆಯ ಚೀಟಿಯಲ್ಲಿ, ‘ಯಾವ ದೋಷವೂ ಕಂಡುಬಂದಿಲ್ಲ’ ಎಂದು ತಪಾಸಕ ಬೋಸ್ಲರ್ ಬರೆಯಬೇಕು.

ಗುಡ್ರುನ್ ಊರಿನ ಏಳನೇ ನಂಬರ್ ಬಸ್ಸಿನ ಚಾಲಕಿ. ವಾರವಿಡೀ ಹನ್ನೆರಡು ಮೀಟರಿನ ಬಸ್ಸನ್ನು ಮೊಟ್ಟೆ ಬುಟ್ಟಿ ಹೊತ್ತವಳ ಹಾಗೆ ಓಡಿಸುತ್ತಾಳೆ. ಭಾನುವಾರ ಮಾತ್ರ ಅವಳ ಕಡುಹಸಿರು ಕಾರು ಹೊರಗೆ ಬರುತ್ತದೆ. ಎರಡೇ ಸೀಟು, ಹಿಂದಕ್ಕೆ ಮಡಚುವ ಬಟ್ಟೆಯ ಚಾವಣಿ, ಗುಂಡಿ ಒತ್ತಿದರೆ ಮೂತಿಯ ಮೇಲೆ ಎದ್ದು ನಿಲ್ಲುವ ದೀಪಗಳು. ಉಲ್ಮ್ ಪಟ್ಟಣದ ದಂತವೈದ್ಯರೊಬ್ಬರು ಬೆನ್ನುನೋವಿಗೆ ಹೆದರಿ ಮಾರಿದ್ದು. ಅದನ್ನು ತಂದ ದಿನ ಬೀದಿಯವರು ಸುಮ್ಮನಿರಲಿಲ್ಲ.

“ಕಾರು ಹುಟ್ಟಿದ ನಾಡಲ್ಲಿದ್ದು ಜಪಾನಿಂದು ತಂದ್ಯಾ? ಅದೂ ಬೇರೆಯವರು ಓಡಿಸಿ ಬಿಟ್ಟಿದ್ದು?”

“ನನ್ನ ಗಂಡನೂ ಒಬ್ಬಳು ಬಿಟ್ಟವನೇ,” ಅಂದಳು ಗುಡ್ರುನ್. “ಇನ್ನೂ ಚೆನ್ನಾಗೇ ಓಡ್ತಿದಾನೆ.”

ಅವಳ ಕಾರಿನ ನಂಬರ್ ಫಲಕದ ಮೇಲೆ ಏಪ್ರಿಲಿನಿಂದ ಅಕ್ಟೋಬರಿನವರೆಗೆ ಎಂದು ಅಚ್ಚೊತ್ತಿದೆ. ಉಳಿದ ಐದು ತಿಂಗಳು ಅದು ರಸ್ತೆಗೆ ಚಕ್ರ ಇಡುವಂತಿಲ್ಲ. ಆ ಐದು ತಿಂಗಳು ಗುಡ್ರುನ್ ಅದರ ಅಡಿಯಲ್ಲೇ ಇರುತ್ತಾಳೆ. ಸೀಟಿನ ಹಿಂದೆ ಮಳೆನೀರು ಇಳಿದುಹೋಗಲು ಎರಡು ತೂತುಗಳಿವೆ. ಅಲ್ಲಿ ಎಲೆ ಕಟ್ಟಿಕೊಂಡರೆ ನೀರು ನಿಂತು, ಬಾಗಿಲ ಕೆಳಗಿನ ತಗಡು ಒಳಗೊಳಗೇ ಕೊಳೆಯುತ್ತದೆ. ಮೇಲೆಲ್ಲಾ ತಳಕು, ಒಳಗೆಲ್ಲಾ ಹುಳುಕು. ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ತೂರಿಸಿ ಅವಳು ಆ ತೂತುಗಳನ್ನು ಬಿಡಿಸುತ್ತಾಳೆ. ಅಡುಗೆಮನೆಯ ದೊಡ್ಡ ಪಾತ್ರೆಯ ಬಿಸಿನೀರಿನಲ್ಲಿ ಮೇಣದ ಡಬ್ಬಿ ಇಟ್ಟು ಕರಗಿಸಿ, ತಗಡಿನ ಪೊಳ್ಳುಗಳಿಗೆಲ್ಲ ಸಿಂಪಡಿಸುತ್ತಾಳೆ. ಮಾರನೇ ದಿನ ಅದೇ ಪಾತ್ರೆಯಲ್ಲಿ ಬೇಳೆ ಬೇಯುತ್ತದೆ. ನಾನು ಅವರ ಮನೆಯಲ್ಲಿ ಚಳಿಗಾಲದಲ್ಲಿ ಊಟ ಮಾಡುವುದಿಲ್ಲ, ಕಾರಿನ ಪಕ್ಕ ಟಾರ್ಚು ಹಿಡಿದು ನಿಲ್ಲುತ್ತೇನೆ, ಅಷ್ಟೇ.

ತಗಡಿಗೆ ಬೆರಳ ಗೆಣ್ಣಿನಿಂದ ತಟ್ಟಿ ಕೇಳುತ್ತಾಳೆ, “ಕೇಳಿಸ್ತಾ ಲೋರೆ?”

“ಏನು?”

“ಟಣ್ ಅಂತು. ತುಕ್ಕು ಹಿಡಿದಿದ್ರೆ ದಬ್ ಅಂತಿತ್ತು.”

ನನಗೆ ಕಾರಿನ ತಲೆಬುಡ ತಿಳಿಯದು. ಆದರೆ ಏಪ್ರಿಲಿನ ಮೊದಲ ಭಾನುವಾರ ಆ ಪಕ್ಕದ ಸೀಟು ನನ್ನದೇ. ಆಲ್ಬ್ ಬೆಟ್ಟದ ತಿರುವುಗಳನ್ನು ಹತ್ತುವಾಗ ಸಗಣಿ ಗೊಬ್ಬರದ ವಾಸನೆ, ಬೀಚ್ ಮರಗಳ ತಂಪು ಒಂದರ ಹಿಂದೆ ಒಂದು ಮುಖಕ್ಕೆ ಬಡಿಯುತ್ತವೆ. ವಾರವೆಲ್ಲ ಸಿಡುಕುವ ಗುಡ್ರುನ್ ಗೇರು ಬದಲಿಸುತ್ತಾ ಮೂಗಿನಲ್ಲೇ ಹಾಡಿಕೊಳ್ಳುತ್ತಾಳೆ. “ವೇಗ ಅಲ್ಲ ಕಣೆ,” ಅನ್ನುತ್ತಾಳೆ, “ಇದು ಹೇಳಿದ ಮಾತು ಕೇಳತ್ತೆ. ಬಸ್ಸು ಯೋಚನೆ ಮಾಡತ್ತೆ.”

ತಪಾಸಕ ಬೋಸ್ಲರ್ ಮಾತ್ರ ಒಂಬತ್ತು ಸಲವೂ ಒಂದೊಂದು ಸಾಲು ಬರೆದಿದ್ದರು. ನಂಬರ್ ಫಲಕದ ದೀಪ ಮಂಕು. ಗಾಜು ಒರೆಸುವ ಕಡ್ಡಿ ಗೀರೆಳೆಯುತ್ತದೆ. ಹಾರನ್ನಿನ ದನಿ ಒಡೆದಿದೆ. ಹೋದ ಸಲವಂತೂ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೊಳಗಿನ ಗಾಯದ ಪಟ್ಟಿಯ ಅವಧಿ ಮುಗಿದಿದೆ ಎಂದು ಬರೆದರು. ಗುಡ್ರುನ್ ಎರಡು ದಿನ ಊಟ ಬಿಟ್ಟಳು.

ಈ ಏಪ್ರಿಲ್ ಹತ್ತನೇ ಸಲ. ಬೋಸ್ಲರಿಗೆ ತಿಂಗಳ ಕೊನೆಗೆ ನಿವೃತ್ತಿ, ಇದು ಕೊನೆಯ ಅವಕಾಶ. ಶುಕ್ರವಾರ ಮಧ್ಯಾಹ್ನ ಗುಡ್ರುನ್ ನನ್ನ ಬಾಗಿಲಿಗೆ ಬಂದು ಚೀಟಿಯನ್ನು ಮುಖಕ್ಕೇ ಹಿಡಿದಳು. ಯಾವ ದೋಷವೂ ಕಂಡುಬಂದಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ. ಅವಳು ಮನೆಗೆ ಹೋದಳು. ಹತ್ತು ನಿಮಿಷದಲ್ಲಿ ಬಿಳಿಚಿಕೊಂಡು ಹಿಂದಿರುಗಿದಳು, ಕೈಯಲ್ಲಿ ಹೊಸದಾಗಿ ಕೊಂಡ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ.

“ಮರೀಬಾರ್ದು ಅಂತ ಬಾಗಿಲ ಹತ್ರಾನೇ ಇಟ್ಟಿದ್ದೆ. ಅಲ್ಲೇ ಇದೆ. ಕಾರಲ್ಲಿ ಪೆಟ್ಟಿಗೇನೇ ಇರ್ಲಿಲ್ಲ ಲೋರೆ.”

“ಅವರು ನೋಡ್ಲಿಲ್ಲ ಅಂತಾಯ್ತು. ಸುಮ್ನಿರು.”

“ಬೋಸ್ಲರ್ ನೋಡ್ದೆ ಬಿಡ್ತಾರಾ? ಹೋದ ಸಲ ಅದರೊಳಗಿನ ಪಟ್ಟೀನೂ ಬಿಡ್ಲಿಲ್ಲ.”

ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ತಪಾಸಣೆಯ ಕಚೇರಿ ಮುಚ್ಚುವ ಮೊದಲು ಇಬ್ಬರೂ ಅದೇ ಕಾರಿನಲ್ಲಿ ಅಲ್ಲಿದ್ದೆವು. ಬೋಸ್ಲರ್ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು.

“ಏನು ಹೇಫೆಲೆಯವ್ರೇ, ಚೀಟಿ ತಪ್ಪಾಗಿದ್ಯಾ?”

“ಆಗಿದೆ. ಪೆಟ್ಟಿಗೆ ನೋಡಿದ್ರಾ?”

“ನೋಡ್ದೆ. ಇರ್ಲಿಲ್ಲ.”

“ಮತ್ತೆ ಬರೀಲಿಲ್ಲ ಯಾಕೆ?”

ಅವರು ನೆಲ ನೋಡಿದರು. “ಮುಕ್ಕಾಲು ಗಂಟೆ ಹುಡುಕ್ದೆ. ಕಾರಲ್ಲಿ ಏನೂ ಸಿಗ್ಲಿಲ್ಲ. ಕೊನೇ ಸಲ, ಒಂದು ಪೆಟ್ಟಿಗೆಗೋಸ್ಕರ ಯಾಕೆ ಕೆಡಿಸೋದು ಅಂತ.”

“ಹದಿನೆಂಟು ವರ್ಷ ಕಾದಿದ್ದು ಭಿಕ್ಷೆಗಲ್ಲ, ಬೋಸ್ಲರ್ ಅವ್ರೇ. ನಿಯಮದಲ್ಲಿ ಇದೆ ತಾನೆ?”

“ಇದೆ.”

“ಹಾಗಾದ್ರೆ ಬರೀರಿ.”

ಅವರು ಒಳಗೆ ಹೋಗಿ ಹೊಸ ಚೀಟಿ ತಂದರು. ಹಳೆಯದನ್ನು ಗುಡ್ರುನ್ ತಾನೇ ಹರಿದಳು, ನಾಲ್ಕು ತುಂಡು. ಆ ಕ್ಷಣದಲ್ಲಿ ನನಗೆ ಅವಳ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ, ಹೆಮ್ಮೆಯೂ ಅಷ್ಟೇ. ಬೋಸ್ಲರ್ ಹೋಗಲಿಲ್ಲ. ಕಾರಿನ ಸುತ್ತ ಒಂದು ಸಲ ನಡೆದರು.

“ಇದರ ಅಡಿಗೆ ಹತ್ತು ಸಲ ಹೋಗಿದೀನಿ,” ಅಂದರು. “ಬ್ರೇಕ್ ಪರೀಕ್ಷೆಗೆ ಇಪ್ಪತ್ತು ಅಡಿ ಓಡಿಸಿದೀನಿ. ಸುಮ್ನೆ ಕೂತು ಹೋಗಿಲ್ಲ ಒಂದ್ಸಲಾನೂ.”

ಎರಡೇ ಸೀಟಿನ ಕಾರು. ಗುಡ್ರುನ್ ನನ್ನ ಕಡೆ ನೋಡಿದಳು. ನಾನು ಇಳಿದೆ. ಚಿಕಿತ್ಸೆಯ ಪೆಟ್ಟಿಗೆ ಅಪ್ಪಿಕೊಂಡು ಆ ಅಂಗಳದಲ್ಲಿ ಅರ್ಧ ಗಂಟೆ ನಿಂತಿದ್ದೆ, ಬೆಟ್ಟದ ಕಡೆಯಿಂದ ಬರುವ ಎಂಜಿನ್ ಸದ್ದು ಕೇಳುತ್ತಾ.

ವಾಪಸು ಬಂದಾಗ ಬೋಸ್ಲರ್ ತಲೆಯ ಮೇಲಿದ್ದ ನಾಲ್ಕು ಕೂದಲೂ ನೆಟ್ಟಗೆ ನಿಂತಿದ್ದವು. ಎರಡೂ ಕೈಯಿಂದ ಮೆಲ್ಲಗೆ ಬಾಗಿಲು ಮುಚ್ಚಿ, “ಹೇಳೋದಕ್ಕೇನೂ ಇಲ್ಲ, ಹೇಫೆಲೆಯವ್ರೇ,” ಎಂದು ಒಳಗೆ ಹೋದರು.

ಗುಡ್ರುನ್ ಕಿವಿಯವರೆಗೂ ಕೆಂಪಾದಳು. ಮನೆಗೆ ಹೋಗುವಾಗ ನಮ್ಮ ಬೀದಿಯ ತಿರುವನ್ನೂ ಮರೆತು ದಾಟಿಕೊಂಡು ಹೋದಳು.

ಆ ಎರಡನೇ ಚೀಟಿಗೆ ಚೌಕಟ್ಟು ಹಾಕಿಸಿ ಶೆಡ್ಡಿನ ಗೋಡೆಗೆ ತೂಗುಹಾಕಿದ್ದಾಳೆ. ಬಂದವರು ಓದಿ ನಗುತ್ತಾರೆ. “ಕೊನೆಗೂ ಒಂದು ದೋಷ ಹಿಡಿದೇ ಬಿಟ್ರಲ್ಲ.”

“ಸರಿಯಾಗಿ ಓದಿ,” ಅನ್ನುತ್ತಾಳೆ ಗುಡ್ರುನ್. “ದೋಷ ಪೆಟ್ಟಿಗೇದು. ಕಾರಿಂದು ಒಂದಿದ್ರೆ ತೋರ್ಸಿ.”