ಪಾವಟಿಗೆಯ ಮೇಲಿನ ದೀಪ

ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ಪಾಮನಕಲ್ಲೂರಿನ ನಮ್ಮ ಓಣಿಗೇ ಬಂದು ಬೇರೆ ಒಲೆ ಹೂಡಿದಳು. ಯಾರ ಮಾತೂ ಕೇಳುವವಳಲ್ಲ. ನಾನೂ ಕೇಳುವವನಲ್ಲ, ಆದರೆ ನನ್ನದು ಬರೀ ಬಾಯಿ, ಆಕೆಯದು ಹಟ. ಭತ್ತದ ನಾಟಿ ಶುರುವಾಯಿತೆಂದರೆ ನಮ್ಮ ಒಣಭೂಮಿಯ ಊರಿನಿಂದ ಹೆಂಗಸರ ಗುಂಪೊಂದು ಸಿಂಧನೂರಿನ ಕಾಲುವೆ ಸೀಮೆಗೆ ಹೋಗುತ್ತದೆ. ಗುಂಪಿಗೆ ಮುಂದಾಳು ಅಕ್ಕ. ಒಯ್ಯುವವನು ನಾನು, ನನ್ನ ಪಿಕಪ್ಪಿನಲ್ಲಿ. ಉಳಿದ ದಿನ ಅದೇ ಗಾಡಿಯಲ್ಲಿ ಲಿಂಗಸುಗೂರಿನ ಸಂತೆಗೆ ಕುರಿ, ಮಸ್ಕಿಗೆ ತೊಗರಿ ಚೀಲ. ಸರಕಿನ ಗಾಡಿಯಲ್ಲಿ ಮಂದಿಯನ್ನು ಕೂಡಿಸಬಾರದೆಂದು ನನಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಕೂಡಿಸಿದೆ.

ಹೋದ ಹಂಗಾಮಿನಲ್ಲಿ ಒಂದು ನಸುಕಿನಲ್ಲಿ ಅಕ್ಕ ಗಾಡಿ ಹತ್ತುವ ಹಿಂಬದಿಯ ಕಬ್ಬಿಣದ ಪಾವಟಿಗೆ ಕಾಣದೆ ಕಾಲು ಜಾರಿದಳು. ಮೊಣಕಾಲ ಕೆಳಗೆ ಅಂಗೈಯಷ್ಟು ಚರ್ಮ ಕಿತ್ತುಹೋಯಿತು. ಆಕೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮಾಡಿಸೋಣವೆಂದರೆ ಪ್ರತಿ ಸಲ ಒಂದೇ ಉತ್ತರ.

"ನಾಟಿ ಮುಗೀಲಿ ತಡಿಯೋ ತಮ್ಮಾ. ಹಗಲತ್ತು ಎಲ್ಲಾ ಕಾಣ್ತೈತಿ ನನಗ."

"ನಸಕಿನ್ಯಾಗ ಕಾಣಂಗಿಲ್ಲಲ್ಲ? ಈ ಸಲ ನಿನ್ನ ಒಯ್ಯಂಗಿಲ್ಲ ನಾ."

"ಬ್ಯಾಡ ಬಿಡು. ಬಸ್ಸಿಗೆ ಹೋಗ್ತೀನಿ."

ಹೋಗಿಯೇಬಿಡುವವಳು. ಗದ್ದೆಯ ಕೆಸರಿನಲ್ಲಿ ಬಾಗಿ ನಿಂತರೆ ಅಕ್ಕನ ಕೈಯ ಓಟಕ್ಕೇ ಉಳಿದವರ ಕೈ ಓಡುತ್ತಿತ್ತು. ಊರಲ್ಲಿ ಆಕೆ ಒಬ್ಬ ವಿಧವೆ, ಗದ್ದೆಯಲ್ಲಿ ಮುಂದಾಳು. ಅದನ್ನು ಬಿಡಿಸುವುದು ನನ್ನಿಂದ ಆಗುತ್ತಿರಲಿಲ್ಲ. ಆಕೆ ಬೀಳದಂತೆ ನೋಡಿಕೊಳ್ಳುವುದಾದರೂ ಆದೀತು ಎಂದುಕೊಂಡೆ.

ಅದಕ್ಕೇ ಈ ವರ್ಷ ಸಿಂಧನೂರಿಗೆ ಹೋಗಿ ಪಾವಟಿಗೆಗೆ ಹಚ್ಚುವ ಎಲ್‌ಇಡಿ ದೀಪದ ಪಟ್ಟಿ ತಂದೆ. ಗಾಡಿಗಳ ವೈರಿಂಗ್ ಮಾಡುವ ಮೇಸ್ತ್ರಿ ಹಳೆಯ ಪರಿಚಯದವನು. ಪಟ್ಟಿಯನ್ನು ಕೈಯಲ್ಲಿ ತಿರುಗಿಸಿ ನೋಡಿ, ಗಾಡಿಯ ಕೆಳಗೆ ತಲೆ ಹಾಕಿ ಹೇಳಿದ, "ಇದನ್ನ ಪಾವಟಿಗಿ ಬುಡಕ್ಕ ಹಚ್ಚೂನ್ರಿ. ಬೆಳಕು ನೆಲಕ್ಕ ಬೀಳ್ತೈತಿ. ದೀಪ ಕಣ್ಣಿಗೆ ಕಾಣಬಾರದು, ಜಾಗ ಕಾಣಬೇಕು."

ನನಗೆ ಅದು ಹಿಡಿಸಲಿಲ್ಲ. ಪೊರೆ ಬಂದ ಕಣ್ಣಿಗೆ ನೆಲದ ಬೆಳಕು ಕಟ್ಟಿಕೊಂಡು ಏನಾಗಬೇಕು, ಪಾವಟಿಗೆಯೇ ಹೊಳೆಯಬೇಕು ಎಂದು ವಾದಿಸಿದೆ. ಮೇಲೆ, ಕಾಲಿಡುವ ಅಂಚಿನಲ್ಲೇ ಹಚ್ಚು ಎಂದೆ. "ನಿಮ್ಮ ಮರ್ಜಿ" ಎಂದು ಆತ ಕೆಲಸಕ್ಕೆ ಇಳಿದ. ಅಂಚಿಗೆ ತೂತು ಕೊರೆದು ಪಟ್ಟಿ ಕೂರಿಸಿದ. ಚಾಸಿಯ ಗುಂಟ ವೈರು ಎಳೆದು, ಕಬ್ಬಿಣಕ್ಕೆ ತಿಕ್ಕದಂತೆ ರಬ್ಬರ್ ಕೊಳವೆ ತೊಡಿಸಿದ. ಒಂದು ಬೋಲ್ಟಿನ ಬುಡದ ಬಣ್ಣ ಕೆರೆದು ಅರ್ತ್ ಕೊಟ್ಟ. ನಡುವೆ ಫ್ಯೂಸು, ಸ್ಟಿಯರಿಂಗ್ ಪಕ್ಕ ಸ್ವಿಚ್ಚು. ಒತ್ತಿದೆ. ಪಾವಟಿಗೆ ಹಾಲಿನಂತೆ ಬೆಳಗಿತು. ಊರಿಗೆ ಮರಳುವ ದಾರಿಯುದ್ದಕ್ಕೂ ನನಗೆ ನನ್ನ ಬುದ್ಧಿಯ ಮೇಲೆ ಬಹಳ ಹೆಮ್ಮೆ ಇತ್ತು.

ಮರುದಿನ ಸೋಮವಾರ. ಉಳುವ ಹೊಸ ಗಳೆ ಬರಲಿ, ಬೋರಿನ ಮೋಟರ್ ಬರಲಿ, ಮಿಕ್ಸಿ ಬರಲಿ, ಮೂರು ಬೆರಳು ವಿಭೂತಿ ಎಳೆಯದೆ ಮುಟ್ಟುವ ಮಂದಿಯಲ್ಲ ನಾವು. ಪೂಜೆ ನೀನೇ ಮಾಡು ಎಂದು ಅಕ್ಕನನ್ನು ನಾನೇ ಕರೆದೆ. ದೀಪ ಹಚ್ಚಿಸಿದ್ದು ಆಕೆಗಾಗಿ ಎಂದು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ, ಆ ನೆಪ ಹುಡುಕಿದ್ದೆ. ಅಕ್ಕ ಮಿಂದು ಬಂದಳು. ಪಾವಟಿಗೆ ತೊಳೆದು, ಉರಿಯುವ ಪಟ್ಟಿಯ ಎರಡೂ ಕೊನೆಗೆ ವಿಭೂತಿ ಎಳೆದು, ಕುಂಕುಮ ಇಟ್ಟು, ಹೂ ಏರಿಸಿ, ಊದಿನಕಡ್ಡಿ ಬೆಳಗಿ, ಕಾಯಿ ಒಡೆದಳು. ಬಾಗಿ ಬೆಳಕನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಗುಂಪಿನ ಹೆಂಗಸರೆಲ್ಲ ಸಾಲಾಗಿ ಬಂದು ಹಾಗೇ ಮಾಡಿದರು. ನಾನು ಪಕ್ಕದಲ್ಲಿ ನಿಂತು ಮೀಸೆಯಲ್ಲೇ ನಗುತ್ತಿದ್ದೆ. ನನ್ನಂಥ ಪೆದ್ದ ಇನ್ನೊಬ್ಬನಿರಲಿಕ್ಕಿಲ್ಲ.

ಮಂಗಳವಾರ ನಸುಕಿನಲ್ಲಿ ನಾಟಿಗೆಂದು ಕಾಲುವೆ ಸೀಮೆಯ ವಳಕಮದಿನ್ನಿಗೆ ಹೊರಡಬೇಕು. ಗಾಡಿ ತಂದು ನಿಲ್ಲಿಸಿ ಸ್ವಿಚ್ ಒತ್ತಿದೆ. ಹೆಂಗಸರು ಬುತ್ತಿಗಂಟು ಹಿಡಿದು ಬಂದರು, ಬೆಳಕಿಗೆ ನಮಸ್ಕಾರ ಮಾಡಿದರು, ಅಲ್ಲೇ ನಿಂತರು. ಒಬ್ಬರೂ ಹತ್ತಲಿಲ್ಲ.

"ಹತ್ರಿ, ಹೊತ್ತಾತು" ಎಂದೆ.

ಅಕ್ಕನೇ ಹೇಳಿದಳು, "ಎಲ್ಲಿ ಹತ್ತೋದು? ನಿನ್ನೆ ಪೂಜಿ ಮಾಡಿದ ದೀಪದ ಮ್ಯಾಲ ಇವತ್ತು ಪಾದ ಇಡಬೇಕೇನು?"

"ಯಕ್ಕಾ, ಅದು ದೀಪ ಅಲ್ಲಬೇ. ಬ್ಯಾಟರಿ ಲೈಟು!"

"ನಿನ್ನೆ ದೀಪ ಆಗಿತ್ತಲ್ಲ? ಒಂದು ರಾತ್ರ್ಯಾಗ ಲೈಟ್ ಆತೇನು?"

ನನಗೆ ಸಿಟ್ಟು ಬಂತು. ಸ್ವಿಚ್ ಆರಿಸಿದೆ. ಹೊರಡುವ ಹೊತ್ತಿಗೆ ದೀಪ ಆರಿಸಿದನೆಂದು ಎಲ್ಲರೂ ಒಟ್ಟಿಗೆ ಬೈದರು. ಮತ್ತೆ ಹಚ್ಚಿದೆ. ಅಷ್ಟರಲ್ಲಿ ಅಕ್ಕ ಬಲಮಗ್ಗುಲಿಗೆ ಹೋಗಿ, ಸೀರೆ ಎತ್ತಿ ಸಿಕ್ಕಿಸಿ, ಹಿಂದಿನ ಗಾಲಿಯ ಮೇಲೆ ಕಾಲಿಟ್ಟು, ಪಕ್ಕದ ಕಬ್ಬಿಣ ಹಿಡಿದು ಒಳಗೆ ಉರುಳಿಕೊಂಡಳು. ಉಳಿದವರೂ ಅವಳ ಹಿಂದೆಯೇ. ಪಾವಟಿಗೆ ಯಾರೂ ಇಲ್ಲದೆ ಬೆಳಗುತ್ತಿತ್ತು. ಅವರೆಲ್ಲ ಕತ್ತಲಲ್ಲಿ ಹತ್ತುತ್ತಿದ್ದರು.

ನಾನು ಸುಮ್ಮನೆ ಕೂಡಲಿಲ್ಲ. ಬುಧವಾರ ಮನೆಯಿಂದ ಕಟ್ಟಿಗೆಯ ಸ್ಟೂಲು ತಂದೆ. ಮುಂಜಾನೆ ಹೇಗೋ ನಡೆಯಿತು. ಸಂಜೆ ಕಾಲುವೆ ದಂಡೆಯ ಹಸಿಮಣ್ಣಿನಲ್ಲಿ ಅದರ ಎರಡು ಕಾಲು ಹುಗಿದು ಓರೆಯಾಯಿತು. "ನನ್ನೇನು ಮುದುಕಿ ಮಾಡಿದೇನೋ?" ಎಂದು ಅಕ್ಕ ಅದನ್ನು ಬದಿಗೆ ತಳ್ಳಿ ಮತ್ತೆ ಗಾಲಿ ಏರಿದಳು. ಗುರುವಾರ ಊರಿಗೆ ಮರಳಿದ ಮೇಲೆ, ಇದರ ಸಹವಾಸವೇ ಬೇಡವೆಂದು ಪಾನಾ ಹಿಡಿದು ದೀಪ ಬಿಚ್ಚಲು ಕೂತೆ. ಅಕ್ಕ ಓಡಿಬಂದು ಕೈ ಹಿಡಿದಳು.

"ಪೂಜಿ ಆದದ್ದು ಐತಿ. ಅಮಾಸಿ ಮುಗಿಯೂತನ ಕೈ ಹಚ್ಚಬ್ಯಾಡ. ನಾಕು ದಿನ ತಡಿ."

ಇದೊಂದು ಸಲ ಆಕೆಯ ಕೈ ಕೊಸರಿ ನಾನು ಬಿಚ್ಚಬಹುದಿತ್ತು. ಒಂದು ಪಾನಾ, ನಾಲ್ಕು ನಟ್ಟು, ಅಷ್ಟೇ ಕೆಲಸ. ಆದರೆ ಆ ವಿಭೂತಿಯ ಗೆರೆ ನೋಡಿದಾಗ ನನ್ನ ಕೈಯೂ ಹಿಂದೆ ಸರಿಯಿತು. ತಪ್ಪನ್ನು ಅಕ್ಕನ ಮೇಲೆ ಹಾಕಿ ಪಾರಾಗಲಾರೆ. ಆ ಹೆದರಿಕೆ ನನ್ನೊಳಗೂ ಇತ್ತು.

ಶನಿವಾರ ನಸುಕಿಗೆ ಸಣ್ಣ ಹನಿ ಬಿದ್ದು ಗಾಲಿ ಒದ್ದೆಯಾಗಿತ್ತು. ನಾನು ಎಂಜಿನ್ ಚಾಲೂ ಮಾಡಿ ಕೂತು ಕನ್ನಡಿಯಲ್ಲಿ ನೋಡುತ್ತಿದ್ದೆ. ಹಿಂದಿನ ಬೆಳಕಿನ ಹೊಳಪು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಆ ಬೆಳಕಿನಿಂದ ಬಲಮಗ್ಗುಲಿನ ಕತ್ತಲೆ ಇನ್ನೂ ದಟ್ಟವಾಗಿತ್ತು. ಏನೋ ಬಿದ್ದ ಸದ್ದಾಯಿತು. ಆಮೇಲೆ ಹೆಂಗಸರ ಕಿರುಚಾಟ.

ಅಕ್ಕ ಮಗ್ಗುಲಾಗಿ ಬಿದ್ದಿದ್ದಳು. ಬಲಗಾಲು ಹೊರಕ್ಕೆ ತಿರುಗಿತ್ತು. ಆಕೆ ಅಳಲಿಲ್ಲ, "ಯವ್ವಾ" ಎಂದು ಒಂದೇ ಸಲ ಅಂದಳು. ಅವಳನ್ನು ಅದೇ ಗಾಡಿಗೆ ಹಿಂಬದಿಯಿಂದಲೇ ಎತ್ತಿ ಹಾಕಬೇಕಿತ್ತು. ಎತ್ತಲು ಬಂದ ಹೆಂಗಸರು ಅಂಥ ಹೊತ್ತಿನಲ್ಲೂ ಪಾವಟಿಗೆಯನ್ನು ತಪ್ಪಿಸಿ ಅತ್ತಿತ್ತ ಕಾಲಿಡುತ್ತಿದ್ದರು. ನಾನು ಚಪ್ಪಲಿಗಾಲಿನಿಂದಲೇ ಆ ಬೆಳಕನ್ನು ತುಳಿದು ಮೇಲೇರಿ, ಅಕ್ಕನನ್ನು ತೋಳಿನಲ್ಲಿ ತೆಗೆದುಕೊಂಡೆ. ನನಗೇನೂ ಆಗಲಿಲ್ಲ. ದೀಪಕ್ಕೂ ಏನೂ ಆಗಲಿಲ್ಲ.

ಲಿಂಗಸುಗೂರಿನಲ್ಲಿ ಎಕ್ಸ್‌ರೇ ಫೋಟೋ ತೆಗೆದು ತೊಡೆಯ ಎಲುಬು ಮೇಲ್ತುದಿಯಲ್ಲಿ ಮುರಿದಿದೆ ಎಂದರು. ರಾಯಚೂರಿಗೆ ಒಯ್ದೆವು, ರಾಡ್ ಹಾಕಿದರು. ಮನೆಗೆ ಕಳಿಸುವ ದಿನ ಡಾಕ್ಟರು ನನ್ನೊಬ್ಬನನ್ನೇ ಕರೆದು, ಕೋಲು ಹಿಡಿದು ಮನೆಯೊಳಗೆ ಓಡಾಡಿದರೆ ಅದೇ ದೊಡ್ಡದು, ಕೆಸರಿಗೆ ಮತ್ತೆ ಇಳಿಯುವ ಮಾತೇ ಇಲ್ಲ ಎಂದರು. ಅದನ್ನು ಆಕೆಗೆ ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಅಕ್ಕ ಬೈಯಲಿ ಎಂದು ನಾನು ಎಷ್ಟು ದಿನ ಕಾದೆನೋ. ಬೈದಿದ್ದರೆ ಎದೆಯ ಭಾರ ಇಳಿಯುತ್ತಿತ್ತು. ಆದರೆ ನೋಡಲು ಬಂದವರಿಗೆಲ್ಲ ಆಕೆ ಹೇಳುವುದೇ ಬೇರೆ. "ತಲಿ ಕಲ್ಲಿಗೆ ಬಡದು ಸಾಯಬೇಕಿತ್ತು ನಾ. ಆ ದೀಪ ಉರಿಯಾಕತ್ತಿತ್ತು ನೋಡ್ರಿ, ಬರೀ ಕಾಲಿಗೆ ಹೋತು." ಒಂದು ಸಂಜೆ ತಡೆಯಲಾಗದೆ ಎಲ್ಲವನ್ನೂ ಒದರಿದೆ. ಕೆಳಗೆ ಹಚ್ಚೂನು ಎಂದು ಮೇಸ್ತ್ರಿ ಹೇಳಿದ್ದನ್ನೂ, ನಾನು ಕೇಳದೆ ಹೋದದ್ದನ್ನೂ. "ನಿನ್ನ ಕೆಡವಿದ್ದು ನಾನ ಬೇ ಯಕ್ಕಾ" ಎಂದೆ.

ಅಕ್ಕ ಮಂಚದಿಂದಲೇ ಕೈ ಚಾಚಿ ನನ್ನ ಬಾಯಿ ಮುಚ್ಚಿದಳು. "ಬಿಡ್ತು ಅನ್ನು. ನನಗಂತ ಹಚ್ಚಿಸಿದ್ದಿ, ಗೊತ್ತಿಲ್ಲೇನು ನನಗ?" ಎಂದಳು. ಆಮೇಲೆ ತನ್ನ ಬಲಗಾಲನ್ನು ಎರಡೂ ಕೈಯಿಂದ ಎತ್ತಿ ಸರಿಯಾಗಿ ಇಟ್ಟುಕೊಂಡಳು.

"ಇದೊಂದು ನೆಟ್ಟಗಾಗಲಿ. ಬ್ಯಾಸಗಿ ನಾಟಿಗೆ ಬಂದ ಬರ್ತೀನಿ. ಗಾಲಿ ಮ್ಯಾಲಿಂದನ ಹತ್ತತೀನಿ, ನೀ ಆ ದೀಪಕ್ಕ ಏನೂ ಮಾಡಬ್ಯಾಡ."

"ಇಲ್ಲಬೇ ಯಕ್ಕಾ" ಎಂದೆ. "ಏನೂ ಮಾಡಂಗಿಲ್ಲ."