ವಾಳಯಾರಿನಲ್ಲಿ ನಿಂತವಳು

ಪಾಸ್ ಬಂದಿತ್ತು. ಅದು ಬರಲಿಲ್ಲ ಎಂದು ನಾನು ಹೇಳಿದೆ.

ನಾನು ಮಾಡಿದ್ದು ಇಷ್ಟೇ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಒಂದು ಮಾತು, ಅದೂ ಫೋನಿನಲ್ಲಿ. ಆದರೆ ಇಷ್ಟೇ ಅಲ್ಲ. ಆ ಮಾತಿನ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು... ನನ್ನ ನಾದಿನಿ ರುಕ್ಮಣಿ ತೀರಿಹೋಗಿ ತಿಂಗಳಾಗುತ್ತ ಬಂತು. ಅವಳ ಮುಖ ನೋಡಿ ಹೇಳಬೇಕಾಗಿದ್ದನ್ನು ಈಗ ಕಾಗದದ ಮುಂದೆ ಹೇಳುತ್ತಿದ್ದೇನೆ.

ನಾನು ಬೆಟ್ಟದ ಮೇಲಿನ ತಾಳವಾಡಿಯವಳು. ಅಲ್ಲಿ ಕನ್ನಡ ಶಾಲೆಯಿತ್ತು, ಏಳನೆಯ ತರಗತಿಯವರೆಗೆ ಓದಿದೆ. ಮದುವೆಯಾಗಿ ಕೊಯಮತ್ತೂರಿನ ಪಕ್ಕದ ಮದುಕ್ಕರೈಗೆ ಬಂದೆ, ನೇಯುವವರ ಮನೆಗೆ. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು. ಇಲ್ಲಿ ಯಾರಿಗೂ ಕನ್ನಡ ಅಕ್ಷರ ಬರುವುದಿಲ್ಲ. ಮಕ್ಕಳಾಗುವ ಮೊದಲೇ ನಮ್ಮವರು ತೀರಿಕೊಂಡರು. ಮನೆಯಲ್ಲಿ ಉಳಿದವರು ನಾನು ಮತ್ತು ನನ್ನ ಅತ್ತೆ. ರುಕ್ಕು ನಮ್ಮವರ ತಂಗಿ. ಅವಳನ್ನು ಪಾಲಕ್ಕಾಡಿನ ಆಚೆ ಒಂದು ನೇಕಾರರ ಊರಿಗೆ ಕೊಟ್ಟಿತ್ತು. ಅಲ್ಲಿಯವರ ಮನೆಮಾತೂ ಕನ್ನಡವೇ, ಹೊರಗೆ ಮಾತ್ರ ಮಲಯಾಳ.

ಅವಳ ಊರಿಗೂ ನಮ್ಮ ಊರಿಗೂ ನಡುವೆ ವಾಳಯಾರಿನ ಗಡಿ, ಈಚೆ ತಮಿಳುನಾಡು, ಆಚೆ ಕೇರಳ. ಆಗ ಅದು ಗಡಿ ಎಂದು ಯಾರಿಗೂ ಅನಿಸುತ್ತಿರಲಿಲ್ಲ. ಬಸ್ಸು ಬದಲಿಸುವ ಜಾಗ, ಅಂಗಡಿ ಹಲಗೆಗಳ ಅಕ್ಷರ ಬದಲಾಗುವ ಜಾಗ, ಅಷ್ಟೇ. ರುಕ್ಕು ವಾರಕ್ಕೊಮ್ಮೆ ನೇಯ್ದ ಬಟ್ಟೆ ಹೊತ್ತು ಕೊಯಮತ್ತೂರಿನ ವ್ಯಾಪಾರಿಗೆ ಕೊಟ್ಟು, ಹಿಂದಿರುಗುವಾಗ ನಮ್ಮ ಮನೆಗೆ ಬಂದು ತಾಯಿಯ ಪಕ್ಕ ಕೂರುತ್ತಿದ್ದಳು.

ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಹಾಸಿಗೆ ಹಿಡಿದ ಮೇಲೆ ಅವರ ಮೈ ತೊಳೆಯುವುದು, ಉಣ್ಣಿಸುವುದು, ಬಟ್ಟೆ ಬದಲಿಸುವುದು ಎಲ್ಲ ನನ್ನ ಪಾಲಿಗೆ ಬಂತು. ನನ್ನೆದುರು ಅವರ ಬಾಯಿಂದ ಮಾತು ಬರುತ್ತಿದ್ದುದು ಕಡಿಮೆ. ರುಕ್ಕು ಹೊಸ್ತಿಲು ದಾಟಿದರೆ ಸಾಕು—

“ಬಂದ್ಯಾ ಕಣ್ಣು, ಇವತ್ತು ವಯಿರು ತುಂಬ ಉಣ್ತೀನಿ.”

ಆ ಅನ್ನ ಮಾಡಿದವಳು ನಾನು.

“ಅತ್ತಿಗೆ ಬೆಟ್ಟದೋರಲ್ವಾ ಅಮ್ಮಾ, ಕೈ ಒಸಿ ಒರಟು. ಸೌದೆ ಕಟ್ದಂಗೆ ಜಡೆ ಕಟ್ಟವ್ರೆ ನೋಡು. ಬಾ, ನಾ ಬಾಚ್ತೀನಿ,” ಎಂದು ರುಕ್ಕು ನಗುತ್ತಿದ್ದಳು. ಅದರಲ್ಲಿ ವಿಷವಿರಲಿಲ್ಲ. ನಾನೂ ನಗುತ್ತಿದ್ದೆ. ಅವಳು ಹೋದ ಮೇಲೆ ಹಣಿಗೆಯಲ್ಲಿ ಉಳಿದ ಬಿಳಿ ಕೂದಲನ್ನು ಬಿಡಿಸಿ ಎಸೆಯುವವಳೂ ನಾನೇ. ಇದನ್ನು ಕಾರಣ ಎಂದು ಬರೆಯುತ್ತಿಲ್ಲ. ಇಂಥದ್ದು ಯಾವ ಮನೆಯಲ್ಲಿ ಇರುವುದಿಲ್ಲ?

ಆಮೇಲೆ ಆ ಕಾಯಿಲೆಯ ವರ್ಷ ಬಂತು. ವಾಳಯಾರಿನಲ್ಲಿ ರಸ್ತೆಗೆ ಅಡ್ಡ ಕಬ್ಬಿಣದ ತಡೆ, ಪಕ್ಕದಲ್ಲಿ ತಗಡಿನ ಚಪ್ಪರ, ಪೊಲೀಸರು. ಆಚೆ ಬದಿಗೆ ಒಂದು ಹುಣಸೆಮರ, ಇಲ್ಲಿಯವರ ಮಾತಿನಲ್ಲಿ ಪುಳಿಮರ. ಮೊದಲು ಯಾರನ್ನೂ ಬಿಡಲಿಲ್ಲ. ಬಳಿಕ ಪಾಸ್ ಇದ್ದವರನ್ನು ಬಿಟ್ಟರು. ಕೆಲಸಕ್ಕಾಗಿ ಆಗಾಗ ಹೋಗಿಬರುವವರಿಗೆ ಬೇರೆ ಪಾಸ್. ಅವಧಿ ಮುಗಿದರೆ ಮತ್ತೆ ಅರ್ಜಿ ಹಾಕಬೇಕು. ರುಕ್ಕುವಿನ ಮನೆಯಲ್ಲಿದ್ದದ್ದು ಬಟನ್ ಫೋನು. ನನ್ನ ಹತ್ತಿರ ದೊಡ್ಡ ಫೋನಿತ್ತು. ತಡವರಿಸುತ್ತಲೇ ನಾನು ಪಾಸ್ ಹಾಕುವುದನ್ನು ಕಲಿತೆ. ಹೆಸರು, ಆಧಾರ್, ಎಲ್ಲಿಂದ ಎಲ್ಲಿಗೆ, ಏನು ಕಾರಣ. ಕಾರಣ ಎಂಬಲ್ಲಿ ಒತ್ತಿದರೆ ಸಾವು, ಮದುವೆ, ಚಿಕಿತ್ಸೆ, ಕೆಲಸ ಎಂದು ಸಾಲಾಗಿ ಬರುತ್ತಿತ್ತು; ಒಂದನ್ನು ಆರಿಸಬೇಕು. ಬೀದಿಯವರೆಲ್ಲ ನನ್ನ ಹತ್ತಿರ ಬರತೊಡಗಿದರು. ಪಾಸಕ್ಕ ಎಂದು ಹೆಸರೇ ಬಿತ್ತು. ಅದುವರೆಗೆ ನನ್ನ ಮಾತಿಗಾಗಿ ಯಾರೂ ಕಾದದ್ದಿಲ್ಲ. ಈಗ ಜನ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು—ಬಂತಾ ಪಾಸಕ್ಕ, ಬಂತಾ. ಅದು ನನಗೆ ಹಿಡಿಸಿತು. ಇದನ್ನು ಬಚ್ಚಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ರುಕ್ಕುವಿನ ಪಾಸ್ ಕೂಡ ನನ್ನ ಫೋನಿಗೇ ಬರುತ್ತಿತ್ತು. ಅದನ್ನು ತಡೆಯ ಆಚೆ ಬದಿಯ ಜೆರಾಕ್ಸ್ ಅಂಗಡಿಯವನಿಗೆ ಕಳಿಸುತ್ತಿದ್ದೆ. ಅವನು ಅಚ್ಚು ಹಾಕಿ ಅವಳ ಕೈಗೆ ಕೊಡುತ್ತಿದ್ದ. ಚಪ್ಪರದ ಪೊಲೀಸಿನವನು ಅದನ್ನು ನೋಡಿ, ದೊಡ್ಡ ಪುಸ್ತಕದಲ್ಲಿ ಅವಳ ಹೆಸರು, ಊರು, ಬಂದ ಹೊತ್ತು ಬರೆದುಕೊಂಡು ಬಿಡುತ್ತಿದ್ದ.

ಆ ದಿನ ಬೆಳಿಗ್ಗೆ ಅತ್ತೆಯ ಉಸಿರಾಟ ಬದಲಾಯಿತು. ಬಂದ ಡಾಕ್ಟರು ಬಾಗಿಲಾಚೆಯೇ ನಿಂತು, ಹೇಳಬೇಕಾದವರಿಗೆ ಹೇಳಿಬಿಡಿ ಎಂದರು. ರುಕ್ಕುವಿಗೆ ಫೋನ್ ಮಾಡಿದೆ. ಅವಳ ಪಾಸಿನ ಅವಧಿ ಮುಗಿದಿತ್ತು. “ನಾನು ಹಾಕ್ತೀನಿ, ನೀನು ಹೊರಡು,” ಎಂದೆ. ಹಾಕಿದೆ ಕೂಡ. ಆ ಹೊತ್ತಿನಲ್ಲಿ ನನ್ನೊಳಗೆ ಮೋಸವಿರಲಿಲ್ಲ. ಹಾಗಾದರೆ ಅದು ಎಲ್ಲಿಂದ ಬಂತು? ಯಾವಾಗ—

ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಅತ್ತೆಯ ಬೆನ್ನು ಒರೆಸುತ್ತಿದ್ದೆ.

“ರುಕ್ಕು ಎಲ್ಲಿ?”

“ಬರ್ತಾ ಇದ್ದಾಳೆ ಅತ್ತೆ.”

“ನೀ ಬುಟ್ಬುಡು. ಅವ್ಳು ಬಂದು ಒರೆಸ್ಲಿ. ಅವಳ ಕೈಯಾಗೇ ಹೋಗ್ಬುಡ್ತೀನಿ.”

ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತೆ. ಆಗಲೇ ಕಿಟಕಿಯ ಮೇಲಿದ್ದ ಫೋನು ಸದ್ದು ಮಾಡಿತು. ಪಾಸ್ ಮಂಜೂರಾಗಿತ್ತು. ಅವಳ ಹೆಸರು, ಅವಳ ಊರು, ಕೆಳಗೆ ಹಸಿರು ಅಕ್ಷರ. ಅಂಗಡಿಯವನಿಗೆ ಕಳಿಸಲು ಬೆರಳಿನಿಂದ ಒಮ್ಮೆ ಒತ್ತಿದ್ದರೆ ಸಾಕಿತ್ತು. ನಾನು ಫೋನನ್ನು ಮಗುಚಿಟ್ಟು ಬೆನ್ನು ಒರೆಸುವುದನ್ನು ಮುಂದುವರಿಸಿದೆ.

ಸ್ವಲ್ಪ ಹೊತ್ತಿಗೆ ರುಕ್ಕು ಅಂಗಡಿಯವನ ಫೋನಿನಿಂದ ಕರೆದಳು. “ಅತ್ತಿಗೆ, ಬಂತಾ?”

“ಇಲ್ಲ.”

ಮತ್ತೆ ಕರೆದಳು. “ಇನ್ನೊಂದು ತಡವೆ ನೋಡಿ ಅತ್ತಿಗೆ. ಕಾಲು ಹಿಡ್ಕೊಂಡೆ, ಪಾಸ್ ಇಲ್ದೆ ಬುಡಾಕಿಲ್ಲ ಅಂತವ್ರೆ. ಅಮ್ಮ ಹೆಂಗವ್ಳೆ?”

“ರಿಜೆಕ್ಟ್ ಆಗೋಯ್ತು ರುಕ್ಕು. ತಿರುಗ ಹಾಕಿದ್ದೀನಿ. ಅಮ್ಮ ನಿದ್ದೆ ಮಾಡ್ತಾ ಇದ್ದಾರೆ.”

ತಿರುಗಿ ಹಾಕಿರಲಿಲ್ಲ. ಅತ್ತೆ ನಿದ್ದೆ ಮಾಡುತ್ತಿರಲಿಲ್ಲ. ಕಣ್ಣನ್ನು ಬಾಗಿಲ ಕಡೆಗೇ ನೆಟ್ಟು ಮಲಗಿದ್ದರು. ಬೀದಿಯಲ್ಲಿ ಆಟೋ ಸದ್ದಾದಾಗಲೆಲ್ಲ, ರುಕ್ಕುವಾ, ಎನ್ನುತ್ತಿದ್ದರು. ಕೇಳಿ ಕೇಳಿ ನಾನು ಹೇಳಿಬಿಟ್ಟೆ—

“ರುಕ್ಕು ಬರೋದಿಲ್ವಂತೆ ಅತ್ತೆ. ಕಾಯಿಲೆ ಭಯವಂತೆ. ಮನೇಲಿ ಮಗು ಇದೆ ಅಂದಳು.”

ಅವರು ಬಾಗಿಲಿನಿಂದ ನನ್ನ ಕಡೆಗೆ ಕಣ್ಣು ತಿರುಗಿಸಿದರು. “ರುಕ್ಕುವಾ ಅಂಗಂದ್ಲು?”

“ಹೌದು.”

ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಮತ್ತೆ ಕೇಳಲಿಲ್ಲ. ನಾನು ಚಮಚದಲ್ಲಿ ಕೊಟ್ಟ ನೀರನ್ನು ಸುಮ್ಮನೆ ಕುಡಿದರು. ಕೊನೆಗೂ ನನ್ನ ಕೈಯಿಂದಲೇ ಕುಡಿದರಲ್ಲ ಎಂದು ನನಗೆ ಸಮಾಧಾನವಾಯಿತು. ಇದಕ್ಕೆ ಬೇರೆ ಪದ ಬರೆಯಬಹುದಿತ್ತು. ಆದರೆ ಆದದ್ದು ಸಮಾಧಾನವೇ.

ಒಂದು ಪದ್ಧತಿಯ ಬಗ್ಗೆ ಹೇಳಬೇಕು. ಸತ್ತವರ ಮೇಲೆ ಹೊದಿಸುವ ಹೊಸ ಬಟ್ಟೆಗೆ ಇಲ್ಲಿ ಕೋಡಿ ಎನ್ನುತ್ತಾರೆ. ಹೆಣ್ಣು ಸತ್ತರೆ ತವರಿನಿಂದ ಕೋಡಿ ಬರಬೇಕು, ಅದು ಎಲ್ಲರ ಮನೆಯಲ್ಲೂ ಇದೆ. ನಮ್ಮ ಮನೆತನದಲ್ಲಿ ಇನ್ನೊಂದುಂಟು: ತಾಯಿಯ ಮೈಮೇಲೆ ಮಗಳ ಮಗ್ಗದ ಸೀರೆ ಇರಬೇಕು. ತಾಯಿ ಗಟ್ಟಿಯಾಗಿರುವಾಗಲೇ ಮಗಳು ಅದನ್ನು ನೇಯ್ದಿಡುತ್ತಾಳೆ. ಯಾತಕ್ಕೆ ಎಂದು ಅವಳೂ ಹೇಳುವುದಿಲ್ಲ, ತಾಯಿಯೂ ಕೇಳುವುದಿಲ್ಲ. ಬಣ್ಣವನ್ನು ಮಾತ್ರ ತಾಯಿಯೇ ಆರಿಸುತ್ತಾಳೆ. ಅತ್ತೆ ಆರಿಸಿದ್ದು ಅರಿಶಿನದ ಮೈ, ಅರಗಿನ ಬಣ್ಣದ ಅಂಚು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ನೂಲಿನ ವ್ಯಾನಿನ ಡ್ರೈವರ್ ನಮ್ಮ ಹಿತ್ತಿಲ ಬಾಗಿಲು ತಟ್ಟಿದ. ಸರಕಿನ ಗಾಡಿಗಳಿಗೆ ತಡೆಯಿರಲಿಲ್ಲ. ಅವನು ತಿರುಪ್ಪೂರಿಗೆ ಹೋಗುವವನು, ರುಕ್ಕುವಿನ ಊರಿನವನೇ. ಒಂದು ಬಟ್ಟೆಚೀಲ ಕೊಟ್ಟ.

“ರುಕ್ಕಕ್ಕ ಕೊಟ್ಟು ಕಳಿಸ್ತು. ಅಮ್ಮ ಎದ್ದು ಕೂತ್ರೆ ದೀಪಾವಳಿಗೆ ಉಡ್ಲಿ ಅಂತು. ಇಲ್ಲಾಂದ್ರೆ... ಅಷ್ಟೇ ಅಂತು. ಪುಳಿಮರದ ಕೆಳಗೆ ಕೂತ್ಕೊಳಕ್ಕ ಅಂದೆ, ಕೇಳ್ಲಿಲ್ಲ. ಕೂತ್ರೆ ಪಾಸ್ ಬಂದಾಗ ಏಳೋದು ತಡ ಆಗ್ಬುಡುತ್ತಂತೆ. ಬೆಳಿಗ್ಗೆಯಿಂದ ನಿಂತೇ ಅದೆ.”

ಒಳಗಿನಿಂದ ಅತ್ತೆಯ ದನಿ. “ಯಾರದು?”

ಸೀರೆ ನನ್ನ ಕೈಯಲ್ಲಿತ್ತು. ಒಳಗೆ ಹೋಗಿ ತೋರಿಸಿದ್ದರೆ ಸಾಕು, ಬಾಯಿಬಿಟ್ಟು ಏನನ್ನೂ ಹೇಳಬೇಕಿರಲಿಲ್ಲ. ಮಗಳು ಗಡಿಯವರೆಗೆ ಬಂದಿದ್ದಾಳೆ ಎಂದು ಆ ಅಂಚು ನೋಡಿದರೆ ಅವರಿಗೆ ತಿಳಿಯುತ್ತಿತ್ತು.

“ನೂಲಿನ ವ್ಯಾನು ಅತ್ತೆ,” ಎಂದೆ. ಸೀರೆಯನ್ನು ನನ್ನ ಟ್ರಂಕಿನ ತಳದಲ್ಲಿಟ್ಟೆ.

ದೀಪ ಹಚ್ಚುವ ಮೊದಲೇ ಅತ್ತೆ ಹೋದರು. ಗೋಡೆಯ ಕಡೆ ತಿರುಗಿದ ಮುಖವನ್ನು ನಾನೇ ಹಿಡಿದು ನೇರ ಮಾಡಿದೆ. ಮರುದಿನ ಬೆಳಿಗ್ಗೆ ದಾಯಾದಿಗಳು ಬಂದು ಎತ್ತಿದರು. ಅಂಗಡಿಯಿಂದ ತರಿಸಿದ ಸೀರೆ ಹೊದಿಸಿದೆವು. ಪಕ್ಕದ ಮನೆಯ ಅಜ್ಜಿ, “ಮಗಳ ಕೋಡಿ ಎಲ್ಲಿ?” ಎಂದು ಕೇಳಿದರು. ಬರಲಿಲ್ಲ ಎಂದೆ. ಅಲ್ಲಿಯವರೆಗೆ ರುಕ್ಕುವಿನ ಕರೆ ಎತ್ತಲಿಲ್ಲ. ಎಲ್ಲ ಮುಗಿದ ಮೇಲೆ ಅವಳ ಗಂಡನಿಗೆ ಫೋನ್ ಮಾಡಿ, ಕಾಯಿಲೆಯ ಕಾಲ, ಬೇಗ ಎತ್ತಬೇಕೆಂದರು, ಕಾಯಲಾಗಲಿಲ್ಲ ಎಂದೆ. ಹಾಗೆ ಯಾರೂ ಹೇಳಿರಲಿಲ್ಲ.

ಚಪ್ಪರದ ಆ ಪುಸ್ತಕ ಈಗ ಎಲ್ಲಿದೆಯೋ. ಅದರಲ್ಲಿ ಎಷ್ಟೋ ಹಾಳೆಗಳ ಮೇಲೆ ರುಕ್ಕುವಿನ ಹೆಸರು ಇರಬೇಕು. ಆ ದಿನದ ಹಾಳೆಯ ಮೇಲೆ ಇರುವುದಿಲ್ಲ. ದಾಟಿದವರನ್ನು ಬರೆದುಕೊಂಡರು, ನಿಂತವರನ್ನು ಯಾರು ಬರೆದುಕೊಳ್ಳುತ್ತಾರೆ?

ಮುಂದಿನ ವಾರ ಅವಳಿಗೆ ಪಾಸ್ ಹಾಕಿದೆ. ಬಂದ ಕ್ಷಣವೇ ಅಂಗಡಿಯವನಿಗೆ ಕಳಿಸಿದೆ. ಅವಳು ಬಂದು ನನ್ನ ಕುತ್ತಿಗೆ ತಬ್ಬಿ ಅತ್ತಳು. “ಪರವಾಯಿಲ್ಲ ಅತ್ತಿಗೆ. ನೀವೂ ಎಷ್ಟು ಒದ್ದಾಡಿದ್ರೋ. ನಿಮ್ಮ ತಪ್ಪು ಏನಿದೆ ಇದ್ರಾಗೆ.” ಆಮೇಲೆ ಕಣ್ಣು ಒರೆಸಿಕೊಂಡು, “ಸೀರೆ ಅಮ್ಮನ ಮೇಲೆ ಚೆನ್ನಾಗಿ ಕಂಡ್ತಾ?” ಎಂದಳು.

ಕಂಡಿತು ಎಂದೆ.

ಅಂದಿನಿಂದ ಅವಳು ಬಂದಾಗಲೆಲ್ಲ ಪಕ್ಕದ ಮನೆಯ ಕಡೆಗೆ ಹೋಗದಂತೆ ನೋಡಿಕೊಂಡೆ. ಆ ಅಜ್ಜಿ ಸತ್ತ ದಿನ ನನ್ನ ಎದೆ ಹಗುರಾಯಿತು. ನಾನು ಇಂಥವಳಾದೆ. ರುಕ್ಕು ಮಾತ್ರ ಪ್ರತಿ ದೀಪಾವಳಿಗೂ ನನಗೊಂದು ಸೀರೆ ನೇಯ್ದು ತರುತ್ತಿದ್ದಳು, “ಬೆಟ್ಟದೋರಿಗೆ ಗಟ್ಟಿ ಸೀರೆ,” ಎಂದು ನಗುತ್ತ. ಉಟ್ಟೆ. ಎಲ್ಲವನ್ನೂ ಉಟ್ಟೆ.

ಈ ವರ್ಷ ಅವಳಿಗೆ ಕಾಮಾಲೆ ಬಂತು, ಹತೋಟಿಗೆ ಬರಲಿಲ್ಲ. ಪಾಲಕ್ಕಾಡಿನ ಆಸ್ಪತ್ರೆಗೆ ಹೋಗಿ ಪಕ್ಕದಲ್ಲಿ ಕೂತೆ. ಹೇಳಬೇಕೆಂದೇ ಹೋಗಿದ್ದೆ. ಅವಳ ಮಗಳು ದೀಪಾ ಔಷಧಿ ತರಲು ಕೆಳಗಿಳಿದಿದ್ದಳು. ಇಬ್ಬರೇ ಇದ್ದೆವು. ರುಕ್ಕು ಹಳದಿಯಾದ ಕಣ್ಣು ತೆರೆದು ಅವಳೇ ಕೇಳಿದಳು.

“ಅತ್ತಿಗೆ, ಒಂದು ಕೇಳ್ತೀನಿ, ನಿಜ ಹೇಳಿ. ಅವತ್ತು ಅಮ್ಮ ನನ್ನ ಕೇಳಿದ್ಲಾ?”

ಹೌದು ಎಂದಿದ್ದರೆ ಸಾಕಿತ್ತು. ಪಾಸಿನ ವಿಷಯ ಹೇಳದಿದ್ದರೂ ಆ ಒಂದನ್ನಾದರೂ ಕೊಡಬಹುದಿತ್ತು. ಆದರೆ ಹೌದೆಂದರೆ ಮುಂದಿನ ಪ್ರಶ್ನೆ ಬರುತ್ತದೆ. ನಿದ್ದೆ ಎಂದಿದ್ರಲ್ಲ ಅತ್ತಿಗೆ, ಯಾವಾಗ ಕೇಳಿದ್ಲು, ನೀವೇನಂದ್ರಿ...

“ಇಲ್ಲಮ್ಮ. ನಿದ್ದೇಲೇ ಹೋದ್ರು,” ಎಂದೆ.

ಅವಳು ತಲೆಯಾಡಿಸಿದಳು. ತಾಯಿ ಮಾಡಿದಂತೆಯೇ, ಮುಖವನ್ನು ಆಚೆ ತಿರುಗಿಸಿಕೊಂಡಳು.

ರುಕ್ಕು ತೀರಿಕೊಂಡಾಗ ಅವಳಿಗೆ ತವರಿನ ಕೋಡಿ ತರಬೇಕಾದವಳು ನಾನೊಬ್ಬಳೇ. ಎರಡು ಸೀರೆ ಚೀಲಕ್ಕೆ ಹಾಕಿಕೊಂಡೆ—ಒಂದು ಕೊಂಡದ್ದು, ಇನ್ನೊಂದು ಟ್ರಂಕಿನದು. ಅವಳು ನೇಯ್ದದ್ದನ್ನು ಅವಳಿಗಾದರೂ ಹೊದಿಸಬೇಕು ಎಂದುಕೊಂಡಿದ್ದೆ. ಬಸ್ಸು ವಾಳಯಾರನ್ನು ನಿಧಾನ ಕೂಡ ಆಗದೆ ದಾಟಿತು. ಯಾರೂ ಏನೂ ಕೇಳಲಿಲ್ಲ. ಪುಳಿಮರ ಅಲ್ಲೇ ಇದೆ.

ಅವರ ಮನೆಯಲ್ಲಿ ದೀಪಾ ನನ್ನ ಕೈ ಹಿಡಿದು ಎಲ್ಲರಿಗೂ ಕೇಳುವಂತೆ ಹೇಳಿದಳು. “ಇವರೇ ಮಾದೇವತ್ತೆ. ಅಜ್ಜಿ ಹೋದಾಗ ಪಾಸಿಗೆ ಇವರು ಪಟ್ಟ ಪಾಡನ್ನ ಅಮ್ಮ ಸಾಯೋವರ್ಗೂ ಹೇಳ್ತಿತ್ತು.”

ನಾನು ಕೊಂಡ ಸೀರೆ ತೆಗೆದು ಹೊದಿಸಿದೆ. ಅರಿಶಿನದ ಸೀರೆ ಚೀಲದಲ್ಲೇ ಮನೆಗೆ ಮರಳಿತು.

ಇಷ್ಟು ಬರೆದ ಮೇಲೆ ಒಂದು ವಿಷಯ ಕಾಣುತ್ತಿದೆ. ದೀಪಾ ಓದಿದ್ದು ಮಲಯಾಳ. ಈ ಅಕ್ಷರ ಅವಳಿಗೆ ಬರುವುದಿಲ್ಲ. ನಾನು ಈ ಕಾಗದವನ್ನು ಅವಳ ಮುಂದೆ ಬಿಡಿಸಿಟ್ಟರೂ ಅವಳಿಗೆ ಏನೂ ತಿಳಿಯುವುದಿಲ್ಲ. ಅದಕ್ಕೇ ಇಷ್ಟು ಸಲೀಸಾಗಿ ಬರೆದೆನೋ ಏನೋ. ಇದೂ ಟ್ರಂಕಿನ ತಳವೇ.

ಸೀರೆಯನ್ನು ಹೊರಗೆ ತೆಗೆದಿದ್ದೇನೆ. ಮಡಿಕೆಯುದ್ದಕ್ಕೂ ಬಣ್ಣ ಬಿಳಿಚಿದೆ, ಅಂಚು ಒಂದು ಕಡೆ ಬಿರಿದಿದೆ. ನಾಳೆ ಬೆಳಿಗ್ಗೆಯ ಬಸ್ಸಿಗೆ ಹೋಗುತ್ತೇನೆ. ದೀಪಾ ನನ್ನನ್ನು ಕಂಡರೆ, ಬನ್ನಿ ಅತ್ತೆ, ಎಂದು ಒಳಗೆ ಕರೆದು ನೀರು ಕೊಡುತ್ತಾಳೆ. ಆ ನೀರು ಕುಡಿದರೆ ನನ್ನಿಂದ ಹೇಳಲಾಗುವುದಿಲ್ಲ, ಅದು ನನಗೆ ಗೊತ್ತು. ಹೊಸ್ತಿಲ ಈಚೆಗೇ ನಿಂತು ಹೇಳಬೇಕು. ಪಾಸ್ ಬಂದಿತ್ತು, ನಿನ್ನ ಅಜ್ಜಿ ಕೊನೆಯವರೆಗೂ ನಿನ್ನ ಅಮ್ಮನನ್ನು ಕೇಳಿದರು ಎಂದು. ಆಮೇಲೆ ಅವಳು ಕರೆಯುವವರೆಗೆ, ಕರೆಯದಿದ್ದರೂ, ಕೂರದೆ ನಿಂತಿರಬೇಕು.