ನಿನ್ನ ಅಮ್ಮ ಕೇಳಿದ ಲಸಿಕೆ

ಭಾಗ್ಯ, ನಿನ್ನ ಓದು ನಿಂತದ್ದು ನನ್ನ ಮಾತಿನಿಂದ. ಬಾಯಿ ತಪ್ಪಿ ಬಂದ ಮಾತೆಂದು ಹೇಳಿಕೊಳ್ಳಲಾರೆ.

ಎರಡು ಸಾವಿರದ ಎಂಟರಲ್ಲಿ, ಹಲಸೂರಿನ ನನ್ನ ಕ್ಲಿನಿಕ್ಕಿಗೆ ನೀನು ಅಮ್ಮ ಮತ್ತು ಅಪ್ಪನ ಕಡೆಯ ಅಜ್ಜಿಯ ಜೊತೆ ಬಂದೆ. ನಿನಗೆ ಹದಿನೈದು, ಒಂಬತ್ತನೇ ತರಗತಿ. ನಿನ್ನ ಚಿಕ್ಕಮ್ಮ ಗರ್ಭಕಂಠದ ಕ್ಯಾನ್ಸರಿನಿಂದ ತೀರಿಕೊಂಡು ಆರು ತಿಂಗಳಾಗಿತ್ತು. ತಂಗಿಯ ಕೊನೆಯ ದಿನಗಳನ್ನು ಕಂಡಿದ್ದ ನಿನ್ನ ಅಮ್ಮ ಮೆಲ್ಲಗೆ ಕೇಳಿದರು: “ಮೇಡಮ್, ಅದು ಬರ್ದೇ ಇರೋಕೆ ಹೊಸದಾಗಿ ಇಂಜೆಕ್ಷನ್ ಬಂದಿದೆಯಂತಲ್ಲ, ಇವಳಿಗೆ ಹಾಕ್ತೀರಾ?”

ಹೊರಗೆ ತುಂಬ ಜನ ಕಾಯುತ್ತಿದ್ದರು. ಇವರಿಗೆ ಎಲ್ಲ ಬಿಡಿಸಿ ಹೇಳಬೇಕಲ್ಲ ಎಂಬ ಬೇಸರ — ಅಲ್ಲ, ತಾತ್ಸಾರ.

“ಆ ವೈರಸ್ ಗಂಡಸರ ಸಹವಾಸದಿಂದ ಬರೋದಮ್ಮ. ಈಗ್ಲೇ ಕೇಳ್ತಿದೀರಲ್ಲ, ನಿಮ್ಮ ಹುಡುಗಿ ಏನು ಮಾಡ್ಕೊಂಡಿದ್ದಾಳೆ?” ಎಂದು ನಕ್ಕೆ.

ಅಜ್ಜಿ ನಿನ್ನತ್ತ ತಿರುಗಿದರು. ನೀನು ತಲೆ ತಗ್ಗಿಸಿದೆ. ಅವರಿಗೆ ಅಷ್ಟೇ ಸಾಕಾಯಿತು.

ಮರುವಾರ ನಿನ್ನ ಅಮ್ಮ ಒಬ್ಬರೇ ಬಂದರು. ಕೆನ್ನೆ ಊದಿತ್ತು.

“ಅವಳಪ್ಪ ಸ್ಕೂಲು ಬಿಡಿಸ್ಬಿಟ್ರು ಮೇಡಮ್. ನಮ್ಮತ್ತೆ ಏನೇನೋ ಹೇಳಿದಾರೆ. ಆ ಇಂಜೆಕ್ಷನ್ ಎಲ್ಲ ಹೆಣ್ಮಕ್ಳಿಗೂ ಹಾಕೋದು ಅಂತ ನೀವೊಂದು ಮಾತು ಹೇಳಿ. ಡಾಕ್ಟ್ರು ಹೇಳಿದ್ರೆ ಕೇಳ್ತಾರೆ.”

ನಂಬರ್ ಒತ್ತಿ ಫೋನು ಚಾಚಿದರು. ನಾನು ಮುಟ್ಟಲಿಲ್ಲ. ಅದರೊಳಗಿಂದ ನಿನ್ನ ಅಪ್ಪನ “ಹಲೋ, ಹಲೋ” ಕೇಳುತ್ತಿತ್ತು.

“ನಿಮ್ಮ ಮನೆ ಜಗಳಕ್ಕೆ ನನ್ನನ್ನ ಎಳೀಬೇಡಿ,” ಎಂದೆ. ಮಾತಾಡಿದ್ದರೆ — ಅಂದು ನಕ್ಕದ್ದು ತಪ್ಪೆಂದು ಒಪ್ಪಬೇಕಾಗುತ್ತಿತ್ತು.

ನಿನ್ನ ಅಮ್ಮ ಹೇಳಿದ್ದು ಸರಿಯಾಗಿಯೇ ಇತ್ತು. ಆ ಲಸಿಕೆಯನ್ನು ಹಾಕಿಸಬೇಕಾದದ್ದೇ ಆ ವಯಸ್ಸಿನಲ್ಲಿ, ಗಂಡಿನ ಸಂಪರ್ಕಕ್ಕೆ ಮುಂಚೆ. ನನಗೆ ಗೊತ್ತಿತ್ತು — ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ, ಅದೇ ತಿಂಗಳು ನಿನ್ನ ವಾರಿಗೆಯ ನನ್ನ ಮಗಳಿಗೆ ನಾನೇ ಮೊದಲ ಡೋಸ್ ಚುಚ್ಚಿದ್ದೆ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಒಂದೂವರೆ ವರ್ಷದ ಮೇಲೆ ನೀನು ಮತ್ತೆ ಬಂದೆ. ಏಳು ತಿಂಗಳ ಬಸುರಿ. ಪಕ್ಕದಲ್ಲಿ ನಿನ್ನ ಅತ್ತೆ, ಕೆ.ಆರ್. ಪುರದ ನಿನ್ನ ಗಂಡನ ತಾಯಿ.

“ವಯಸ್ಸು?” ಎಂದೆ.

“ಹತ್ತೊಂಬತ್ತು,” ಎಂದರು ನಿನ್ನ ಅತ್ತೆ.

ನಿನಗೆ ಹದಿನೇಳೂ ತುಂಬಿರಲಿಲ್ಲ. ನೀನು ಈ ಸಲ ತಲೆಯೆತ್ತಿ ನನ್ನನ್ನೇ ನೋಡಿದೆ. ನಾನು ಏನಾದರೂ ಹೇಳುತ್ತೇನೆಂದು — ನೀನು ಒಂದು ಕ್ಷಣ ಕಾದೆ.

ನಾನು ಕಾರ್ಡಿನಲ್ಲಿ ಹತ್ತೊಂಬತ್ತು ಎಂದೇ ಬರೆದೆ.